ಧಾರವಾಡದಿಂದ ಬಂದ ಬೆಳಕು

ಬೇವೂರಿನಂಥ ಹಳ್ಳಿಯ ಕಾಲೇಜಿನ ಚರಿತ್ರೆ ಬರೆಯುವಾಗ ಕಟ್ಟಡ, ದಾನಿಗಳು, ಫಲಿತಾಂಶ ತಪ್ಪದೆ ಬರುತ್ತವೆ. ಇಲ್ಲಿ ಪಾಠ ಮಾಡಿದವರು ತಾವು ಕಲಿತದ್ದೆಲ್ಲಿ ಎಂಬುದೂ ಬರಬೇಕು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಗುವವರೆಗೆ ಬಾಗಲಕೋಟೆ ಸೀಮೆಯ ಪದವಿ ಕಾಲೇಜುಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ ತವರು. ಎಂ.ಎಸ್ಸಿ. ಎಂದರೆ ಧಾರವಾಡ ಎನ್ನುವ ಕಾಲ ಅದು.

ಅಲ್ಲಿನ ಭೌತಶಾಸ್ತ್ರ ವಿಭಾಗಕ್ಕೆ ಬೆಳಕಿನ ಹುಚ್ಚು ಹಳೆಯದು. ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ದುಡಿದು ಬಂದ ಪ್ರೊ. ಎನ್. ಆರ್. ತಾವಡೆ ಅಣುಗಳ ರೋಹಿತವನ್ನು ಅಳೆಯುವ ಶಿಸ್ತು ಕಲಿಸಿದರು. 1960ರಲ್ಲಿ ಅಮೆರಿಕದ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. 1966ರಲ್ಲಿ ಬಣ್ಣದ ದ್ರಾವಣಗಳಿಂದಲೂ ಲೇಸರ್ ಬಂತು. ಮುಂದೆ ಪ್ರೊ. ಎಂ. ಐ. ಸವದತ್ತಿ, ಪ್ರೊ. ಬಿ. ಜಿ. ಮೂಲಿಮನಿ ಮೊದಲಾದವರು ಹಿಡಿದದ್ದು ಇಂಥ ದ್ರಾವಣಗಳಲ್ಲಿ ಹೊಳೆಯುವ ಅಣುಗಳ ಅಧ್ಯಯನವನ್ನೇ. ಬೆಳಕು ಕುಡಿದ ಅಣು ಕೆಲವೇ ನ್ಯಾನೊಸೆಕೆಂಡಿನಲ್ಲಿ ಅದನ್ನು ಬೇರೆ ಬಣ್ಣದಲ್ಲಿ ಹೊರಹಾಕುತ್ತದೆ. ದ್ರಾವಣಕ್ಕೆ ಅನಿಲೀನ್‌ನಂಥದ್ದನ್ನು ಬೆರೆಸಿದರೆ ಆ ಹೊಳಪು ಕುಂದುತ್ತದೆ. ಎಷ್ಟು ಬೆರೆಸಿದರೆ ಎಷ್ಟು ಕುಂದಿತು ಎಂದು ಅಳೆಯುತ್ತ ಹೋದರೆ ಅಣುಗಳ ನಡುವಿನ ವ್ಯವಹಾರ ಬಯಲಾಗುತ್ತದೆ. ದೊಡ್ಡ ಯಂತ್ರಗಳ ಹಂಗಿಲ್ಲದೆ, ತಾಳ್ಮೆಯೊಂದರ ಮೇಲೆ ನಿಂತ ಈ ಸಂಶೋಧನೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸವದತ್ತಿಯವರು ಮಂಗಳೂರು ವಿಶ್ವವಿದ್ಯಾಲಯಕ್ಕೆ, ಮೂಲಿಮನಿಯವರು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದದ್ದು ಎಲ್ಲರಿಗೂ ಗೊತ್ತು. ಅವರ ತರಗತಿಗಳಲ್ಲಿ ಕೂತೆದ್ದವರು ಊರೂರಿನ ಕಾಲೇಜುಗಳಲ್ಲಿ ಅಧ್ಯಾಪಕರಾದದ್ದು ಮಾತ್ರ ಎಲ್ಲೂ ದಾಖಲಾಗಿಲ್ಲ.

ಆ ಶಿಸ್ತು ಇವತ್ತು ಬಿ.ಎಸ್ಸಿ. ಪ್ರಾಯೋಗಿಕ ತರಗತಿಯಲ್ಲಿ ಕಣ್ಣಿಗೆ ಬೀಳುತ್ತದೆ. ಕಿಟಕಿ ಮುಚ್ಚಿ, ಇಂಚಿಗೆ 15,000 ಗೆರೆಗಳ ಗ್ರೇಟಿಂಗ್ ಮೂಲಕ ಕೆಂಪು ಡಯೋಡ್ ಲೇಸರ್ ಹಾಯಿಸಿದರೆ ಒಂದು ಮೀಟರ್ ದೂರದ ಗೋಡೆಯ ಮೇಲೆ ನಡುವಿನ ಚುಕ್ಕೆಯ ಎಡಬಲಕ್ಕೆ ಸುಮಾರು 41 ಸೆಂಟಿಮೀಟರಿನಲ್ಲಿ ಒಂದೊಂದು ಚುಕ್ಕೆ ಮೂಡುತ್ತದೆ. ಸ್ಕೇಲು ಹಿಡಿದು ಅಳೆದು ಲೆಕ್ಕ ಹಾಕಿದರೆ ತರಂಗದೂರ 650 ನ್ಯಾನೊಮೀಟರಿನ ಆಸುಪಾಸು ಬರುತ್ತದೆ. ಮಿಲಿಮೀಟರಿನ ಒಂದೂವರೆ ಸಾವಿರದಲ್ಲೊಂದು ಭಾಗವನ್ನು ರೈತರ ಮಗಳೊಬ್ಬಳು ಮರದ ಸ್ಕೇಲಿನಲ್ಲಿ ಅಳೆದಿರುತ್ತಾಳೆ! ಕಾಲೇಜಿನ ಮುಂದಿನ ಸಂಚಿಕೆಯಲ್ಲಾದರೂ ಇದನ್ನು ಕಲಿಸಿದ ಅಧ್ಯಾಪಕರ ಹೆಸರು, ಅವರು ಧಾರವಾಡದಲ್ಲಿ ಓದಿದ ವರ್ಷ, ಪ್ರಯೋಗಾಲಯದ ಸಹಾಯಕರ ಹೆಸರು ಸಹಿತ ಅಚ್ಚಾಗಲಿ.