ಘಟಪ್ರಭೆಯ ಸೀಮೆಗೆ ಬರುವ ಯಾತ್ರಿಕರೂ ನಮ್ಮ ಪೇಟೆಗಳೂ

ಜನಸಂಚಾರವೇ ವ್ಯಾಪಾರದ ಜೀವಾಳ. ಆದರೆ ಬಂದವರು ಒಂದು ರಾತ್ರಿ ತಂಗುವ ಊರಿಗೂ, ನೋಡಿ ತಕ್ಷಣ ಹಿಂತಿರುಗುವ ಊರಿಗೂ ಲಾಭದಲ್ಲಿ ಬಹಳ ಅಂತರವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯು ಇಂದಿಗೂ ಎರಡನೆಯ ಬಗೆಯದಾಗಿಯೇ ಉಳಿದಿರುವುದು ವಿಚಾರಾರ್ಹ ಸಂಗತಿಯಾಗಿದೆ.

ಪೂರ್ವದಲ್ಲಿ ಹೀಗಿರಲಿಲ್ಲ. ಇಂದು ಮೂಡಲಗಿ ತಾಲೂಕಿಗೆ ಸೇರಿರುವ ಕಲ್ಲೋಳಿಯಲ್ಲಿ ರಟ್ಟರ ಕಾಲದಲ್ಲಿ ಶಾಂತಿನಾಥ ಬಸದಿ ನಿರ್ಮಾಣವಾದುದನ್ನು ಅಲ್ಲಿನ ಶಾಸನ ಸಾರುತ್ತದೆ. ಗೋಕಾಕ ತಾಲೂಕಿನ ಕೊಣ್ಣೂರಿನಲ್ಲಿಯೂ 11ನೆಯ ಶತಮಾನದ ಜೈನ ಶಾಸನವಿದೆ. ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ 1204ರ ಶಾಸನದಲ್ಲಿ ಲಾಟ ಹಾಗೂ ಮಲೆಯಾಳ ದೇಶಗಳ ವರ್ತಕರ ಉಲ್ಲೇಖವೂ ಬರುತ್ತದೆ. ದೂರದ ವರ್ತಕರು ಬಂದು ನೆಲೆಸಿದ ಪೇಟೆಯೇ ದೇವಾಲಯಕ್ಕೂ ಆಧಾರವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಈಚಿನ ಕಾಲದಲ್ಲಿ ಈ ಸೀಮೆಯ ಹೆಸರನ್ನು ದೂರಕ್ಕೆ ಒಯ್ದದ್ದು ಗೋಕಾಕ ಫಾಲ್ಸ್. ಸುಮಾರು 170 ಅಡಿ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲದಿಂದಲೇ 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನೂಲಿನ ಗಿರಣಿ ನಡೆಯತೊಡಗಿತು. ಮಳೆಗಾಲದಲ್ಲಿ ತೂಗುಸೇತುವೆಯನ್ನೂ ಧಬಧಬೆಯನ್ನೂ ನೋಡಲು ಜನಸಾಗರವೇ ಬರುತ್ತದೆ. ಆದರೆ ಹೊಳೆ ಇಳಿದಂತೆ ಜನವೂ ಇಳಿಯುತ್ತದೆ. ಚಹಾದ ಅಂಗಡಿ, ಟಾಂಗಾ ಹೋಗಿ ಬಂದ ಆಟೋ, ಎಲ್ಲರ ದುಡಿಮೆಯೂ ಕೆಲವೇ ತಿಂಗಳಿನದು.

ಈ ಮಾತಿಗೆ ಅಪವಾದವೆಂದರೆ ಕರದಂಟು. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿಗಳಿಂದಾದ ಈ ತಿನಿಸು ಬೇಗ ಕೆಡುವುದಿಲ್ಲ, ಪ್ರಯಾಣದಲ್ಲಿ ಒಡೆಯುವುದಿಲ್ಲ. ಆದುದರಿಂದ ಯಾತ್ರಿಕನ ಚೀಲ ಸೇರಿ ಊರೂರು ತಿರುಗಿತು. ಜನ ಬಾರದ ತಿಂಗಳಲ್ಲಿಯೂ ಬೇಡಿಕೆ ಪಡೆಯಿತು. ಗೋಕಾಕದ್ದೇ ಆದ ಕಟ್ಟಿಗೆಯ ಬಣ್ಣದ ಗೊಂಬೆಗಳಿಗೆ ಈ ಭಾಗ್ಯ ಒದಗಲಿಲ್ಲ. ಹಣ್ಣು, ಕಾಯಿಪಲ್ಯಗಳನ್ನು ನಿಜವೆಂಬಂತೆ ಕೆತ್ತಿ ಬಣ್ಣ ಕೊಡುವ ಕೈಗಳು ವಿರಳವಾಗಿವೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಡನೆ ಬೆಲೆಯಲ್ಲಿ ಸ್ಪರ್ಧಿಸಲು ಅವಕ್ಕೆ ಅಸಾಧ್ಯ. ಮೆಚ್ಚಿ ಕೊಳ್ಳುವ ಪರಊರಿನ ಗಿರಾಕಿಯೇ ಅವುಗಳಿಗೆ ಗತಿ. ಆ ಗಿರಾಕಿಯೋ ಧಬಧಬೆ ನೋಡಿ ಪೇಟೆಗೆ ಬಾರದೆ ಮರಳುತ್ತಾನೆ.

ಅವನನ್ನು ನಿಲ್ಲಿಸುವ ಸಾಮಗ್ರಿ ನಮ್ಮಲ್ಲಿ ಕಡಿಮೆಯೇನಿಲ್ಲ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತ, ಕೊಣ್ಣೂರಿನ ಪ್ರಾಚೀನ ಶಿಲಾಸಮಾಧಿಗಳು, ಚಳಿಗಾಲದಲ್ಲಿ ಪರದೇಶದ ಹಕ್ಕಿಗಳು ಬರುವ ಧೂಪದಾಳ, ಹುಕ್ಕೇರಿಯ ಗುಮ್ಮಟಗಳು, ಹಿಡಕಲ್ ಜಲಾಶಯ, ವಲ್ಲಭಗಡ, ಕಲ್ಲೋಳಿ, ಇವೆಲ್ಲವೂ ಒಂದೆರಡು ದಿನಗಳಲ್ಲಿ ನೋಡಬಹುದಾದ ಸ್ಥಳಗಳು. ಮಳೆಗಾಲವನ್ನೇ ಕಾಯಬೇಕಾದ ಅಗತ್ಯ ಇವುಗಳಲ್ಲಿ ಹೆಚ್ಚಿನವಕ್ಕಿಲ್ಲ.

ಸರಕಾರವು ರಸ್ತೆಯನ್ನೂ ನಾಮಫಲಕವನ್ನೂ ಒದಗಿಸಬಹುದು. ಶುಚಿಯಾದ ವಸತಿ, ಶುದ್ಧ ಆಹಾರ, ಮೋಸವಿಲ್ಲದ ತೂಕ, ಗೊಂಬೆ ಮಾಡುವವನಿಗೆ ಅಂಗಡಿಯ ಮುಂದೆ ಒಂದಿಷ್ಟು ಜಾಗ, ಇವು ವರ್ತಕರಾದ ನಮ್ಮಿಂದಲೇ ಆಗಬೇಕಾದ ಕಾರ್ಯಗಳು. ಈ ಪ್ರತಿಷ್ಠಾ ಮಹೋತ್ಸವಕ್ಕೆ ಆಗಮಿಸಿದ ಧರ್ಮಬಂಧುಗಳು ಕಲ್ಲೋಳಿ, ಕೊಣ್ಣೂರುಗಳನ್ನು ಸಂದರ್ಶಿಸಿಯೇ ಮರಳಬೇಕೆಂದೂ, ಮಕ್ಕಳ ಕೈಗೆ ಒಂದು ಗೋಕಾಕದ ಗೊಂಬೆಯನ್ನು ಕೊಡಿಸಬೇಕೆಂದೂ ವಿನಂತಿಸಿಕೊಳ್ಳುತ್ತೇನೆ.