ಅಲಗಿನ ಬುಡದ ಮುದ್ರೆ

ಅಂಗಡಿಯ ಮೆಟ್ಟಿಲನ್ನೇ ಹತ್ತದೆ, ಚಿತ್ರವನ್ನಷ್ಟೇ ನೋಡಿ ಮಡಿಸುವ ಚಾಕುವೊಂದನ್ನು ತರಿಸಿಕೊಂಡವನು, ಪೊಟ್ಟಣ ಬಿಚ್ಚಿದೊಡನೆ ಅದು ಅಸಲಿಯೋ ನಕಲಿಯೋ ಎಂದು ಶಂಕಿಸುವನಾದರೆ, ಆ ಶಂಕೆ ಈ ಕಾಲದ್ದೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಷೆಫೀಲ್ಡ್ ನಗರದ ಚಾಕುಗಾರರು ಶತಮಾನಗಳ ಹಿಂದೆಯೇ ಅದನ್ನು ಬಲ್ಲವರಾಗಿದ್ದರು.

ಹದಿನಾಲ್ಕನೆಯ ಶತಮಾನದ ಕವಿ ಚಾಸರನು ತನ್ನ ಕಥೆಯ ಗಿರಣಿಗಾರನಿಗೆ ಷೆಫೀಲ್ಡಿನ ಚೂರಿಯನ್ನೇ ಕೊಟ್ಟಿರುವನೆಂಬುದರಿಂದ ಆ ಊರಿನ ಕೀರ್ತಿಯ ಪ್ರಾಚೀನತೆ ವಿದಿತವಾಗುವುದು. ಕೀರ್ತಿಯಿದ್ದೆಡೆ ಅನುಕರಣವೂ ಉಂಟಷ್ಟೆ. ಆದುದರಿಂದಲೇ, 1624ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾದ, ಷೆಫೀಲ್ಡ್ ಸೀಮೆಯ ಹ್ಯಾಲಮ್‌ಷೈರ್ ಚಾಕುಗಾರರ ಸಂಘವು ಕುಶಲಕರ್ಮಿಗಳಿಗೆ ಪ್ರತ್ಯೇಕ ಮುದ್ರೆಗಳನ್ನು ನೀಡಿ, ಅವುಗಳ ಅಪಹರಣವನ್ನು ಅಪರಾಧವೆಂದು ಬಗೆಯಿತು. ಜೋಸೆಫ್ ರಾಜರ್ಸ್ ಮನೆತನದ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಗಳ ಜೋಡಿಮುದ್ರೆ ಲೋಕವಿಖ್ಯಾತವಾದುದು ಈ ಪರಂಪರೆಯಲ್ಲಿಯೇ. ಮುಂದೆ ಪರದೇಶದ ಅಗ್ಗದ ಅಲಗುಗಳು ಷೆಫೀಲ್ಡಿನ ಹೆಸರನ್ನೇ ಹೊತ್ತು ಮಾರುಕಟ್ಟೆಗೆ ಬರತೊಡಗಲು, 1887ರ ಸರಕುಮುದ್ರೆಗಳ ಕಾಯಿದೆಯು ಸುಳ್ಳು ಗುರುತನ್ನು ದಂಡನೀಯವನ್ನಾಗಿಸಿತು.

ಆದರೆ ಮುದ್ರೆಯನ್ನು ಕದ್ದವನು ಕೈಚಳಕವನ್ನು ಕದಿಯಲಾರನು. ಒಳ್ಳೆಯ ಚಾಕುವಿನ ಅಲಗನ್ನು ಉಗುರಿನಿಂದ ಎತ್ತಿದಾಗ, ಬೆನ್ನಿನ ಸ್ಪ್ರಿಂಗು ಎಲ್ಲಿಯೂ ತೊಡರದೆ ಸಮನಾಗಿ ಬಾಗಿ, ಕೊನೆಯಲ್ಲಿ ‘ಟಕ್’ ಎಂದು ಖಚಿತವಾಗಿ ಧ್ವನಿಗೈಯುವುದು, ಮುಚ್ಚಿದಾಗಲೂ ಅಂತೆಯೇ. ಹಿಡಿಯ ಫಲಕಗಳ ಸಂದಿನಲ್ಲಿ ಬೆಳಕು ತೂರದು. ತೆರೆದ ಅಲಗು ಅತ್ತಿತ್ತ ಅಲುಗದು. ಸ್ಪ್ರಿಂಗಿನ ಆ ಚಲನೆಯನ್ನೂ ಆ ಧ್ವನಿಯನ್ನೂ ಷೆಫೀಲ್ಡಿನ ಕುಶಲಿಗಳು ಚಾಕುವಿನ ನಡೆ, ನುಡಿ ಎಂದೇ ಕರೆದರು. ಮನುಷ್ಯನನ್ನು ನಡೆನುಡಿಗಳಿಂದ ಅಳೆಯುವ ನಮಗೆ ಈ ಒರೆಗಲ್ಲು ಅಪರಿಚಿತವೆನಿಸದು. ಮುದ್ರೆಯನ್ನು ಕಣ್ಣು ಓದಲಿ. ಆದರೆ ಅಂತಿಮ ತೀರ್ಪನ್ನು ಕೈಯೂ ಕಿವಿಯೂ ಕೊಡಲಿ.