ಅಜ್ಜನ ಕತ್ತಿ, ಫ್ಯಾರಡೆಯ ಉಕ್ಕು

ಹೋದ ಸಲ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜನ ಹಡಪ ಸಿಕ್ಕಿತು. ಒಳಗೆ ತುಕ್ಕು ಹಿಡಿದ ಒಂದು ಕ್ಷೌರದ ಕತ್ತಿ. ಬುಡದಲ್ಲಿ ‘ಸೋಲಿಂಗೆನ್, ಜರ್ಮನಿ’ ಅಂತ ಅಚ್ಚು. ಅಜ್ಜ ಹೊಳಲ್ಕೆರೆ ಕಡೆಯ ನಮ್ಮೂರಿನ ಕ್ಷೌರಿಕ. ವರ್ಷವಿಡೀ ಊರವರ ಗಡ್ಡ ಕೆರೆದರೆ ಸುಗ್ಗಿಯಲ್ಲಿ ಕಣದ ಹತ್ತಿರ ಕೊಡುವ ಕಾಳೇ ಕೂಲಿ. ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದನ್ನ ಕೇಳಿ ಕೇಳಿ ಅಪ್ಪನಿಗೆ ಸಾಕಾಗಿತ್ತು. “ಈ ಕತ್ತಿ ಮುಟ್ಟಬೇಡ, ಐಟಿಐ ಸೇರು” ಅಂದರು. ಹಾಗೆ ನಾನು ಎಲೆಕ್ಟ್ರಿಷಿಯನ್ ಆಗಿ ನಿಲಾಯ್‌ಗೆ ಬಂದೆ.

ಕತ್ತಿಯನ್ನ ಲಗೇಜಿನಲ್ಲಿಟ್ಟು ಇಲ್ಲಿಗೆ ತಂದೆ. ಅದರ ಚರಿತ್ರೆ ಹುಡುಕುತ್ತಾ ಹೋದರೆ ದಾರಿ ಮತ್ತೆ ನಮ್ಮ ಜಿಲ್ಲೆಗೇ ಬಂದು ನಿಂತಿತು.

ಹೊಳಲ್ಕೆರೆ ತಾಲ್ಲೂಕಿನ ಗಟ್ಟಿಹೊಸಹಳ್ಳಿಯಲ್ಲಿ ಹಿಂದಿನವರು ಮೂಸೆಯಲ್ಲಿ ಉಕ್ಕು ಕಾಯಿಸಿದ ಕುರುಹುಗಳಿವೆ. 1800ರ ಸುಮಾರಿಗೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸ ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಒಂದೆರಡು ಹಸಿರೆಲೆ ಹಾಕಿ ಬಾಯಿ ಮುಚ್ಚಿ, ತಿದಿ ಒತ್ತಿ ಕಾಯಿಸೋದು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕು ಆಗುತ್ತೆ. ಇದನ್ನ ಇಂಗ್ಲಿಷರು ‘ವೂಟ್ಜ್’ ಅಂದರು. ಅದು ನಮ್ಮ ‘ಉಕ್ಕು’ ಪದವೇ ಅಂತ ಬಹಳ ಜನ ವಿದ್ವಾಂಸರು ಹೇಳ್ತಾರೆ.

1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಮೇಲೆ ಪ್ರಬಂಧ ಓದಿದರು. ಅಲ್ಲಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಜೇಮ್ಸ್ ಸ್ಟೋಡಾರ್ಟ್ ಅನ್ನೋ ಕತ್ತಿ ತಯಾರಕ ಇದ್ದ. ವೂಟ್ಜ್‌ನಿಂದ ಕ್ಷೌರದ ಕತ್ತಿ ಮಾಡಿ, ಯುರೋಪಿನ ಒಳ್ಳೆ ಉಕ್ಕಿಗಿಂತ ಇದೇ ಮೇಲು ಅಂತ ಅಂಗಡಿಯ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದ. 1819ರಲ್ಲಿ ಈ ಉಕ್ಕನ್ನ ಪರೀಕ್ಷೆಗೆ ಒಡ್ಡಿ, ಆಮೇಲೆ ಸ್ಟೋಡಾರ್ಟ್ ಜೊತೆ ಸೇರಿ ಹೊಸ ಮಿಶ್ರ ಉಕ್ಕು ಮಾಡಿದವನು ಯಾರು ಗೊತ್ತಾ? ಮೈಕಲ್ ಫ್ಯಾರಡೆ! ನಾವು ಐಟಿಐನಲ್ಲಿ ಬಾಯಿಪಾಠ ಮಾಡಿದ ನಿಯಮದ ಫ್ಯಾರಡೆ. ಆ ವಿದ್ಯುತ್ ಸಂಶೋಧನೆ 1831ರದ್ದು. ಉಕ್ಕಿನ ಕೆಲಸ ಅದಕ್ಕೂ ಮೊದಲು. ತನ್ನ ಉಕ್ಕಿನ ಕ್ಷೌರದ ಕತ್ತಿಗಳನ್ನ ಗೆಳೆಯರಿಗೆ ಉಡುಗೊರೆ ಕೊಡ್ತಿದ್ದನಂತೆ. ಅವನೂ ಕಮ್ಮಾರನ ಮಗ, ಕಾಲೇಜು ಕಂಡವನಲ್ಲ.

ಆದರೆ ಯುರೋಪಿನ ಕಾರ್ಖಾನೆ ಉಕ್ಕಿನ ಮುಂದೆ ನಮ್ಮ ಮೂಸೆ ಒಲೆಗಳು ಆರಿಹೋದವು. ಉಕ್ಕಿನ ಊರಿನ ಪಕ್ಕದಲ್ಲೇ ಇದ್ದ ನನ್ನ ಅಜ್ಜ ಜರ್ಮನಿ ಕತ್ತಿ ಹಿಡಿಯಬೇಕಾಯ್ತು. 1904ರಲ್ಲಿ ಜಿಲೆಟ್‌ಗೆ ಪೇಟೆಂಟ್ ಸಿಕ್ಕಮೇಲೆ ಬಿಸಾಡೋ ಬ್ಲೇಡಿನ ಕಾಲ ಬಂತು. ಈಗ ಸಲೂನುಗಳಲ್ಲೂ ಅರ್ಧ ಬ್ಲೇಡು ಸಿಕ್ಕಿಸೋ ಕತ್ತಿಯೇ.

ತುಕ್ಕು ತೆಗೆಯೋಕೆ ನಾನು ಗ್ರೈಂಡರ್ ಹಿಡಿಯೋಕೆ ಹೊರಟಿದ್ದೆ. ಇಲ್ಲಿ ಸಲೂನಿನಲ್ಲಿರೋ ತಮಿಳಣ್ಣ ತಡೆದರು. ಬಿಸಿಗೆ ಅಂಚು ನೀಲಿ ತಿರುಗಿದರೆ ಹದ ಹೋಯ್ತು, ಕತ್ತಿ ಸತ್ತಂತೆ. ಸೀಮೆಎಣ್ಣೆಯಲ್ಲಿ ನೆನೆಸಿ, ನೀರು ಕಾಗದದಲ್ಲಿ ಕೈಯಿಂದಲೇ ಉಜ್ಜಿದೆ. ಸಾಣೆಕಲ್ಲಿನ ಮೇಲೆ ಕತ್ತಿಯ ಬೆನ್ನು, ಅಂಚು ಎರಡೂ ಮಲಗಿರಬೇಕು, ಅಂಚು ಮುಂದೆ ಹೋಗಬೇಕು. ಚರ್ಮದ ಪಟ್ಟಿ ಮೇಲೆ ಉಲ್ಟಾ, ಬೆನ್ನು ಮುಂದೆ. ಇಲ್ಲದಿದ್ದರೆ ಪಟ್ಟಿ ಕುಯ್ದುಹೋಗುತ್ತೆ. ನಾಲ್ಕು ಭಾನುವಾರ ಬೇಕಾಯ್ತು.

2023ರಲ್ಲಿ ಮಲೇಷ್ಯಾ ಸರ್ಕಾರ ಕ್ಷೌರದಂಗಡಿಗಳಿಗೆ ಹೊರದೇಶದವರನ್ನ ತರಿಸೋಕೆ ಮತ್ತೆ ಒಪ್ಪಿಗೆ ಕೊಟ್ಟಿತು. ನಾವು ನಾಚಿಕೆಯಿಂದ ಬಿಟ್ಟ ಕಸುಬಿಗೆ ಇಲ್ಲಿ ಕೈ ಸಾಲದು.

ಐದನೇ ಭಾನುವಾರ ಆ ಕತ್ತಿಯಲ್ಲೇ ಗಡ್ಡ ಮಾಡಿಕೊಂಡೆ. ಎರಡು ಕಡೆ ಕುಯ್ದುಕೊಂಡೆ ಅನ್ನಿ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫ್ಯಾರಡೆ ಕತೆಯನ್ನೂ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಡಗೈಯಲ್ಲಿ ಚರ್ಮ ಬಿಗಿಯಾಗಿ ಎಳೆದು ಹಿಡಿಬೇಕು ಕಣೋ, ನಿಮ್ಮಜ್ಜ ಹಾಗೇ ಮಾಡ್ತಿದ್ದರು” ಅಂದರು.

ನಿಮ್ಮ ಮನೆ ಅಟ್ಟದಲ್ಲೂ ಹಳೇ ಕತ್ತಿಯೋ, ಉಳಿಯೋ, ಬಾಚಿಯೋ ಇರಬಹುದು. ಗುಜರಿಗೆ ಹಾಕೋ ಮುಂಚೆ ಒಮ್ಮೆ ಕೈಗೆ ತಗೊಂಡು ನೋಡಿ.